ಐವತ್ತೆರಡನೆಯ ವರ್ಷದ ದೀಪ

ಮಾನ್ಯ ಅಧ್ಯಕ್ಷರಾದ ಗೋಪಿನಾಥ್ ಅವರೇ, ಲಾಸ್ ಏಂಜಲಿಸ್‌ನಿಂದ ಅಷ್ಟು ದೂರ ಡ್ರೈವ್ ಮಾಡಿ ಬಂದ ಅತಿಥಿಗಳೇ, ನಮ್ಮ ಮೀರಾ ಮೆಸಾ ಊರಿನ ಸಭಿಕರೇ,

ಈ ಸಭಾಂಗಣದ ಕಿಟಕಿಗಳನ್ನೆಲ್ಲ ಮುಚ್ಚಿಸಿದವಳು ನಾನೇ. ಸೆಖೆಯಾದರೆ ಕ್ಷಮಿಸಿ, ಇಲ್ಲಿ ದೀಪ ಉರಿಯುತ್ತಿದೆ.

ಕಾದಂಬರಿ ಬರೆದ ಸುಪ್ರೀತಾ ನನ್ನ ತಂಗಿಯ ಮಗಳು. "ದೊಡ್ಡಮ್ಮ, ನಾಲ್ಕು ಮಾತಾಡಿ, ಆಮೇಲೆ ಈ ದೀಪ ನಂದಿಸಿ" ಅಂದಳು. ಪುಸ್ತಕ ಬಿಡುಗಡೆಗೆ ದೀಪ ಹಚ್ಚುವುದನ್ನು ಕಂಡಿದ್ದೀರಿ, ನಂದಿಸುವುದನ್ನು ಕಂಡಿದ್ದೀರಾ? ನನಗಂತೂ ಮೂರು ದಿನದಿಂದ ನಿದ್ದೆಯಿಲ್ಲ.

ಅವಳ ಪುಸ್ತಕದಲ್ಲಿ ಕಾಲ ಸುತ್ತು ಹೊಡೆಯುತ್ತದೆ. ಕೊನೆಯ ವಾಕ್ಯ ಅರ್ಧಕ್ಕೆ ನಿಂತು, ಮೊದಲ ಪುಟದಲ್ಲಿ ಮುಗಿಯುತ್ತದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಎರಡು ಸಲ ಪೂರ್ತಿ ಓದಿ, ಮೂರನೆಯ ಸಲ ಅರ್ಧಕ್ಕೆ ಬಂದಾಗಲೇ 'ಇದನ್ನು ಓದಿದ ಹಾಗಿದೆಯಲ್ಲ' ಎಂದು ಅನುಮಾನ ಬಂದದ್ದು!

ಅದರಲ್ಲಿ ಅಜ್ಟೆಕ್ ಎಂಬ ಹಳೆಯ ಮೆಕ್ಸಿಕೋದ ಜನರಿದ್ದಾರೆ. ಐವತ್ತೆರಡು ವರ್ಷಕ್ಕೊಮ್ಮೆ ಅವರ ಪಂಚಾಂಗ ಒಂದು ಸುತ್ತು ಮುಗಿಸುತ್ತಿತ್ತು. ಆಗ ಮನೆಮನೆಯ ಬೆಂಕಿ ನಂದಿಸಿ, ಸೂರ್ಯ ಮತ್ತೆ ಹುಟ್ಟುತ್ತಾನೋ ಇಲ್ಲವೋ ಎಂದು ನಡುಗುತ್ತ ಬೆಟ್ಟದತ್ತ ನೋಡುತ್ತಿದ್ದರಂತೆ. ಬೆಟ್ಟದ ಮೇಲೆ ಹೊಸ ಬೆಂಕಿ ಕಂಡರೆ ಹಬ್ಬ! ಓದಿ ನಕ್ಕುಬಿಟ್ಟೆ. ಸ್ಟವ್ ಆಫ್ ಮಾಡಿದೆನೋ ಇಲ್ಲವೋ ಎಂದು ಫ್ರೀವೇಯಿಂದ ವಾಪಸ್ ಬರುವವಳು ನಾನೊಬ್ಬಳೇ ಅಂದುಕೊಂಡಿದ್ದೆ. ಇಲ್ಲಿ ನೋಡಿದರೆ ಇಡೀ ಊರಿಗೆ ಊರೇ ನನ್ನ ಹಾಗೆ!

ನನಗೂ ಈ ತಿಂಗಳು ಐವತ್ತೆರಡು ತುಂಬಿತು. ಅದಕ್ಕೇ ಈ ಕೆಲಸ ನನ್ನ ತಲೆಗೆ ಬಂದದ್ದು.

ಉಡುಪಿಯಲ್ಲಿ ನಾವು ದೀಪವನ್ನು ಊದುವುದಿಲ್ಲ, ಹೂವಿನಿಂದ ಮೆಲ್ಲಗೆ ಶಾಂತ ಮಾಡುತ್ತೇವೆ. ಹನ್ನೆರಡರ ವಯಸ್ಸಿನಲ್ಲಿ ನಾನು ದೇವರ ಕೋಣೆಯ ಕಿಟಕಿ ಹಾಕಲು ಮರೆತೆ. ಗಾಳಿಗೆ ದೀಪ ನಂದಿತು. ಅದೇ ವಾರ ಅಪ್ಪ ತೀರಿಕೊಂಡರು, ನನ್ನ ಶಾಲೆಯೂ ನಿಂತಿತು. "ಕಿಟಕಿ ತೆರೆದಿಟ್ಟದ್ದು ಯಾರು ಕುಮುದಾ?" ಅಜ್ಜಿ ಕೇಳಿದ್ದು ಒಂದೇ ಸಲ. ನಾನು ಮಾತ್ರ ನಲವತ್ತು ವರ್ಷದಿಂದ ಉತ್ತರ ಹೇಳುತ್ತಲೇ ಇದ್ದೇನೆ.

ನಿನ್ನೆ ಇದನ್ನು ಸುಪ್ರೀತಾಳಿಗೆ ಹೇಳಿದೆ. ಅವಳು ಕೇಳಿದಳು: "ಮರುದಿನ ಆ ದೀಪ ಯಾರು ಹಚ್ಚಿದ್ದು, ದೊಡ್ಡಮ್ಮ?"

ನಾನೇ! ಸಭಿಕರೇ, ಹಚ್ಚಿದವಳೂ ನಾನೇ. ಅದು ನನಗೆ ನೆನಪೇ ಇರಲಿಲ್ಲ.

ಇಗೋ, ಕೈಯಲ್ಲಿ ಹೂವಿದೆ. ಬ್ಯಾಗಿನಲ್ಲಿ ಮೂರು ಬೆಂಕಿಪೊಟ್ಟಣ, ಒಂದು ಲೈಟರ್ ಇವೆ. ನಗಬೇಡಿ, ಗೋಪಿನಾಥ್ ಅವರೇ.

ಶಾಂತವಾಯಿತು.

ಎಲ್ಲರೂ ಇದ್ದೀರಿ ತಾನೇ?

ಗೀರಿದೆ... ಹತ್ತಿತು! ನೋಡಿ, ಹತ್ತಿತು!

ಇಷ್ಟು ಹೊತ್ತು ಬೆವರುತ್ತ ಕೇಳಿದ್ದಕ್ಕೆ ಧನ್ಯವಾದ. ಇನ್ನು ಯಾರಾದರೂ ಆ ಕಿಟಕಿಗಳನ್ನು ತೆರೆಯಿರಿ. ಗಾಳಿ ಬರಲಿ. ನಮಸ್ಕಾರ.