ನೂರಕ್ಕೆ ಒಂದು

ಹೆಬ್ಬಾಳದಲ್ಲಿ ಅಟ್ಟೂರು ಬಸ್ಸಿಗೆ ಕಾದು ಕಾದು ರಾಧಾಮಣಿಯ ಕಾಲುಗಳು ಸೋತಿದ್ದವು. ಕಿವಿ ಮಾತ್ರ ಪಕ್ಕದಲ್ಲಿ ನಿಂತಿದ್ದ ಪ್ರೊಫೆಸರ್ ಮತ್ತು ಅವರ ವಿದ್ಯಾರ್ಥಿನಿ ಫರ್ಹಾನಾಳ ಮಾತಿಗೆ ಅಂಟಿಕೊಂಡಿತ್ತು.

“ಹಾಲಿನ ವ್ಯಾನಿಗೆ ದಾರಿ ಹುಡುಕೋ ಪ್ರೋಗ್ರಾಂ ಚೆನ್ನಾಗಿದೆ ಕಣಮ್ಮ. ಆದ್ರೆ ಹಳೇ ದಾರಿಯಿಂದ ಹೊಸದು ಹುಟ್ಟುವಾಗ ಎಷ್ಟು ಬದಲಾಗ್ಬೇಕು ಅನ್ನೋದನ್ನ ಅದರ ಕೈಗೇ ಬಿಟ್ಟಿದೀಯಲ್ಲ?”

“ಹೌದು ಸರ್. ದಾರಿ ಕಾಣದೆ ನಿಂತಾಗ ಜಾಸ್ತಿ ಬದಲಾಗುತ್ತೆ, ದಾರಿ ಸಿಕ್ಕಾಗ ಕಡಿಮೆ. ಅದೇ ಕಲಿಯುತ್ತೆ.”

“ಬೇಡ. ಪ್ರತಿ ಸಲಾನೂ ನೂರಕ್ಕೆ ಒಂದರಷ್ಟೇ ಬದಲಾಗ್ಲಿ ಅಂತ ಹಾಕ್ಬಿಡು. ನನ್ನ ಸ್ಟೂಡೆಂಟ್ಸ್‌ಗೆಲ್ಲ ಅದನ್ನೇ ಕೊಟ್ಟಿದೀನಿ.”

“ಅದನ್ನೂ ಹಾಕಿ ಮೂವತ್ತು ಸಲ ಓಡಿಸ್ದೆ ಸರ್. ಮೂವತ್ತು ಸಲಾನೂ ನಿಮ್ಮ ನಂಬರೇ ಸೋತೋಯ್ತು.”

“ಹಂಗಾದ್ರೆ ಆ ಮೂವತ್ತು ಸಲದ ರಿಸಲ್ಟ್ ಟೇಬಲ್ ಥೀಸಿಸ್‌ನಿಂದ ತೆಗಿ. ಇಲ್ದಿದ್ರೆ ನಾನು ಸೈನ್ ಹಾಕಲ್ಲ.”

“ತೆಗೆಯಲ್ಲ ಸರ್. ಆ ನಂಬರ್ ನಿಮಗೆ ಯಾರು ಕೊಟ್ರು?”

“ನನ್ನ ಗೈಡ್.”

“ಅವರಿಗೆ?”

“ಅವರ ಗೈಡ್.”

“ಅಂದ್ರೆ ಮೂರು ತಲೆಮಾರಾಯ್ತು. ನೀವು ಯಾರೂ ನೂರಕ್ಕೆ ಒಂದರಷ್ಟೂ ಬದಲಾಗಿಲ್ಲ.”

ಯಲಹಂಕ ಬಸ್ಸು ಬಂತು. ಪ್ರೊಫೆಸರ್ ಬಾಯಿ ತೆರೆಯುವ ಮೊದಲೇ ಫರ್ಹಾನಾ ಹತ್ತಿ, ಬಾಗಿಲಿನಿಂದಲೇ ಕೂಗಿದಳು.

“ಟೇಬಲ್ ಅಲ್ಲೇ ಇರುತ್ತೆ ಸರ್. ಸೈನ್ ನಿಮ್ಮಿಷ್ಟ!”