ಒಂದೇ ವಿಳಾಸದ ಎರಡು ಯಂತ್ರಗಳು

ಮಿನ್ನೆಸೋಟದ ಪುಟ್ಟ ಊರೊಂದರ ಕಾಫಿ ಅಂಗಡಿಯಲ್ಲಿ ವರ್ನಾ ಸಾಲಿನಲ್ಲಿದ್ದಳು. ಅವಳ ಮುಂದೆ ಆಂಬುಲೆನ್ಸ್ ಕಚೇರಿಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಅರ್ವಿಡ್ ಮತ್ತು ಅಲ್ಲಿಗೆ ಹೊಸದಾಗಿ ಸೇರಿದ್ದ, ಐವತ್ತು ದಾಟಿದ ಮಾರಿಟ್ ಮಾತಾಡುತ್ತಿದ್ದುದು ಅವಳಿಗೆ ಕೇಳಿಸುತ್ತಿತ್ತು.

"ಮೂರು ದಿನ ಯಾವ ಆಂಬುಲೆನ್ಸ್ ಎಲ್ಲಿದೆ ಅಂತ ಪರದೆ ಮೇಲೆ ಸರಿಯಾಗಿ ಬರ್ಲಿಲ್ಲ. ಎರಡೂ ಸರ್ವರ್ ಸರಿ, ಅವೆರಡನ್ನ ಜೋಡಿಸೋ ಬ್ರಿಡ್ಜೂ ಸರಿ. ನಿಂಗೆ ಹೇಗೆ ಹೊಳೀತು ಮಾರಾಯ್ತಿ?" ಅರ್ವಿಡ್ ಕೇಳಿದ.

"ಒಂದೊಂದು ಸರ್ವರ್ ಒಳಗೂ ಒಂದು ವರ್ಚುವಲ್ ಮಷೀನ್, ಅಂದ್ರೆ ಸಾಫ್ಟ್‌ವೇರಿನದೇ ಕಂಪ್ಯೂಟರ್, ಇದೆಯಲ್ಲ, ಒಂದು ಎದ್ರೆ ಇನ್ನೊಂದು ಮೂಕ ಆಗ್ತಿತ್ತು. ಅನುಮಾನ ಬಂದು ಎರಡರ ನೆಟ್‌ವರ್ಕ್ ವಿಳಾಸ ನೋಡ್ದೆ. ಎರಡೂ ಒಂದೇ!"

"ಅದ್ಹೇಗೆ?"

"ಈ ಸರ್ವರಿನ ಮಷೀನನ್ನ ನಕಲು ಮಾಡಿ ಆ ಸರ್ವರಿಗೆ ಹಾಕಿದಾರೆ, ವಿಳಾಸ ಬದಲಾಯಿಸಿಲ್ಲ. ಎರಡು ಮನೆಗೆ ಒಂದೇ ನಂಬರ್ ಇದ್ರೆ ಅಂಚೆಯವನು ಏನ್ ಮಾಡ್ಬೇಕು?"

"ನಕಲು ಮಾಡಿದ ಮಹಾನುಭಾವ ಯಾರು?"

"ನೀನೇ, ಅರ್ವಿಡ್."

ಅವನು ಸಾಲಿಗೆಲ್ಲ ಕೇಳುವಂತೆ ನಕ್ಕ.

"ವರದಿಯಲ್ಲಿ ಹಾಗೇ ಬರಿ. ತಪ್ಪು ಹಿಡಿದವಳು ಮಾರಿಟ್ ಅಂತ ದೊಡ್ಡ ಅಕ್ಷರದಲ್ಲಿ ಬರಿ. ಶಾಲಾ ಬಸ್ ಓಡಿಸ್ತಿದ್ದೋಳಿಗೆ ಇದೆಲ್ಲ ಬರುತ್ತಾ ಅಂದೋರು ಓದ್ಲಿ."

"ಮೊದಲು ಅಂದೋನೂ ನೀನೇ."

"ಹೌದಲ್ವಾ. ಹಾಗಾದ್ರೆ ನಾನೇ ಎರಡು ಸಲ ಓದ್ತೀನಿ."

ಮಾರಿಟ್ ಬೆನ್ನು ನೆಟ್ಟಗೆ ಮಾಡಿಕೊಂಡು ಲೋಟ ಹಿಡಿದು ಹೊರಟಳು. ಅರ್ವಿಡ್ ಓಡಿಹೋಗಿ ಅವಳಿಗೆ ಬಾಗಿಲು ತೆರೆದು ನಿಂತ.