ಕಾಂತಾಳ ಹೆಸರಿನಲ್ಲಿ ನಡೆದಿದ್ದ ಕೆಲಸ

ಖಾನಾಪುರದ ಸ್ಟೇಷನ್ ರಸ್ತೆಯಲ್ಲಿ ಮಳೆ ಹಿಡಿಯಿತೆಂದರೆ ಕರೆಂಟು ಹೋಗುತ್ತಿತ್ತು. ಕರೆಂಟು ಹೋಯಿತೆಂದರೆ ನಾವೆಲ್ಲ ತವನಪ್ಪನವರ ಕಟ್ಟೆಗೆ ಬಂದು ಕೂಡುತ್ತಿದ್ದೆವು. ಅವರು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರು. ದೀಪ ಹಚ್ಚುವ ಹೊತ್ತಿಗೆ ಅವರಿಗೆ ಮಾತು ಬಿಟ್ಟರೆ ಬೇರೆ ಕೆಲಸವಿರುತ್ತಿರಲಿಲ್ಲ. ಬೆಳಗಾವಿಯ ಒಂದು ಕಂಪ್ಯೂಟರ್ ಕಚೇರಿಯಲ್ಲಿ ಮೇಲ್ವಿಚಾರಕರಾಗಿದ್ದು, ನಿವೃತ್ತರಾಗಿ ಊರು ಸೇರಿದ್ದರು.

ಎಂಬತ್ತೊಂಬತ್ತರ ಮಳೆಗಾಲದ ಆ ಸಂಜೆ ಇದ್ದವರು ನಾಲ್ವರೇ: ತವನಪ್ಪನವರು, ಹಂಚಿನ ಕಾರ್ಖಾನೆಯ ಬಾಳಪ್ಪ, ಬಾಜು ಮನೆಯ ಪದ್ಮವ್ವ, ಮತ್ತು ಪದವಿ ಮುಗಿಸಿ ಊರಿಗೆ ಮರಳಿದ್ದ ನಾನು. ಮಲಪ್ರಭೆ ತುಂಬಿ ಹರಿಯುವ ಸದ್ದು ಅಲ್ಲಿಯವರೆಗೂ ಕೇಳುತ್ತಿತ್ತು.

"ಅಜ್ಜಾರ, ಒಂದ ದೆವ್ವದ ಕತಿ ಹೇಳ್ರಿ," ಎಂದ ಬಾಳಪ್ಪ. "ಆದರ ನಂದಗಡದ ಹುಣಸಿಮರದ್ದ ಬ್ಯಾಡ. ಅದನ್ನ ಕೇಳಿ ಕೇಳಿ ಆ ದೆವ್ವಕ್ಕಽ ಬ್ಯಾಸರ ಬಂದೈತಿ."

ತವನಪ್ಪನವರು ನಗಲಿಲ್ಲ. ಪದ್ಮವ್ವನ ಕಡೆ ನೋಡಿದರು. "ಹೇಳಲೇನವಾ?"

ಪದ್ಮವ್ವ ಸೆರಗನ್ನು ಹೊದ್ದುಕೊಂಡು ಗೋಡೆಗೆ ಒರಗಿದರು. "ಹೇಳ್ರಿ ಅಣ್ಣಾರ. ನಂಗೂ ಕೇಳಬೇಕಾಗೈತಿ."

ತವನಪ್ಪನವರು ಕಂದೀಲನ್ನು ಪದ್ಮವ್ವನ ಕಡೆಗೆ ಸರಿಸಿದರು. ಆಮೇಲೆ ಶುರುಮಾಡಿದರು.

"ಟಿಳಕವಾಡಿಯೊಳಗ ನಮ್ಮ ಕಚೇರಿ. ಪರೀಕ್ಷಾದ ಮಾರ್ಕ್ಸ್ ತುಂಬಿ ಫಲಿತಾಂಶ ತಯಾರ ಮಾಡಿಕೊಡೂ ಕೆಲಸ. ತಂಪ ಕೋಣ್ಯಾಗ ಒಂದ ದೊಡ್ಡ ಯಂತ್ರ, ಹೊರಗಿನ ಹಾಲಿನಾಗ ಅದಕ್ಕ ಜೋಡಿಸಿದ ಟರ್ಮಿನಲ್ಲು... ಕರೇ ಪರದಿ, ಹಸರ ಅಕ್ಷರ. ಎಲ್ಲಾರೂ ಬ್ಯಾರೆ ಬ್ಯಾರೆ ಕುಂತಿದ್ದರೂ ಎಲ್ಲಾರ ಕೆಲಸಾನೂ ಅದಽ ಒಂದ ಯಂತ್ರದ ಹೊಟ್ಟ್ಯಾಗ ನಡೀತಿತ್ತು. ಮುಂಜಾನೆ ಹೋದಕೂಡಲೆ ನಾ ಏನ ಮಾಡಾಂವ ಗೊತ್ತೇನು? ಒಳಗ ಏನೇನ ನಡದೈತಿ ಅಂತ ನೋಡಾಂವ. ಎರಡ ಅಕ್ಷರದ ಹುಕುಂ ಹೊಡದರ ಸಾಕು, ಸಾಲ ಹಚ್ಚಿ ಬರತಿದ್ದುವು... ಈ ಕೆಲಸ ಯಾರದು, ಅದರ ನಂಬರ ಏನು, ಅದನ್ನ ಹುಟ್ಟಿಸಿದ ಕೆಲಸದ ನಂಬರ ಏನು, ಯಾವ ಟರ್ಮಿನಲ್ಲಿನಿಂದ ನಡದೈತಿ, ಎದ್ದೈತೋ ಮಲಗೈತೋ..."

"ಸಾಲಿ ಮಾಸ್ತರ ಹಾಜರಿ ಕೂಗಿದಂಗ," ಎಂದ ಬಾಳಪ್ಪ.

"ಹಂಗಽ ತಿಳಿ. ಆದರ ಈ ಹಾಜರಿಯೊಳಗ ಪ್ರತಿಯೊಂದರ ಅವ್ವ ಯಾರು ಅಂತನೂ ಇರತೈತಿ. ಹುಟ್ಟಿಸಿದ ಕೆಲಸ ನಡುವಽ ಸತ್ತು ಹೋತು ಅನ್ನು, ಅದರ ಕೂಸು ಉಳೀತು ಅನ್ನು... ಅದು ಪರದೇಶಿ ಆಗೂದಿಲ್ಲ. ಯಂತ್ರ ಎದ್ದಾಗ ಎಲ್ಲಾದಕ್ಕಿಂತ ಮೊದಲ ಹುಟ್ಟೂ ಒಂದನೇ ನಂಬರಿಂದು ಐತೆಲ್ಲಾ, ಅದು ಆ ಕೂಸನ್ನ ಉಡಿಯೊಳಗ ಹಾಕ್ಕೊಂತೈತಿ. ಆಮ್ಯಾಲೆ ಅವ್ವ ಯಾರು ಅಂತ ನೋಡಿದರ 'ಒಂದು' ಅಂತ ತೋರಸತೈತಿ. ಅದು ತಿರುಗಿ ಎಂದೂ ಬದಲಾಗೂದಿಲ್ಲ. ಇದನ್ನ ನೆನಪಿಡ್ರಿ.

"ನಮ್ಮಲ್ಲಿ ಒಂದ ರೂಢಿ ಇತ್ತು. ಯಾರದೋ ಕೆಲಸ ಸಿಕ್ಕೊಂಡ ನಿಂತರ ಹೊರಗಿನಿಂದ ಅದನ್ನ ಸಾಯಿಸಬಹುದು. ಆದರ ಒಬ್ಬಾಂವ ಒಮ್ಮೆ ಕೇಳದಽ ಸಾಯಿಸಿ, ಬಾಜೂದವನ ಇಡೀ ದಿವಸದ ದುಡಿಮಿ ಹಾಳ ಮಾಡಿದ್ದಾ. ಅವತ್ತಿನಿಂದ ಕಾಯಿದೆ ಮಾಡಿದೆ: ಕೆಲಸದ ಮಾಲಕರ ಹೆಸರ ಹಿಡದ ಎಲ್ಲಾರಿಗೂ ಕೇಳೂಹಂಗ ಕೂಗಬೇಕು, ಉತ್ತರಾ ಬಂದ ಮ್ಯಾಲೆ ಇನ್ನೊಮ್ಮೆ ಸಾಲ ನೋಡಬೇಕು, ಆಮ್ಯಾಲಽ ಕೈ ಹಾಕಬೇಕು. ಹುಡುಗರು ನಗತಿದ್ದರು. ಮೂಲ್ಯಾಗಿನ ಟರ್ಮಿನಲ್ಲಿಗೆ ಕುಂಡ್ರತಿದ್ದ ಕಾಂತಾ ಅಂತೂ, 'ಕಾಕಾ, ಹೆಸರ ಹಿಡದ ಹಿಡದ ಕೂಗಿ ನನ್ನ ಆಯುಷ್ಯ ಕಡಿಮಿ ಮಾಡಬ್ಯಾಡ್ರಿ' ಅಂತಿದ್ದಳು..."

ಕಂದೀಲಿನ ಬತ್ತಿಯನ್ನು ಪದ್ಮವ್ವ ತುಸು ಮೇಲಕ್ಕೆತ್ತಿದರು.

"ಕಾಂತಾ ಈ ಪದ್ಮವ್ವನ ಮಗಳು," ಎಂದರು ತವನಪ್ಪನವರು ನಮ್ಮ ಕಡೆ ತಿರುಗಿ. "ಗಂಡ ಅಜಿತಕುಮಾರನೂ ನಮ್ಮ ಕಚೇರ್ಯಾಗಽ ಇದ್ದಾ. ಎಂಬತ್ತೈದನೇ ಇಸವಿ, ಹಿಂಗಽ ಮಳಿ. ಚೊಚ್ಚಲ ಹೆರಗಿಗೆ ಅಂತ ಕಾಂತಾ ಇಲ್ಲಿಗೆ ತವರಿಗೆ ಬಂದಳು. ಹಡದಳು, ಹೆಣ್ಣ ಕೂಸು... ಹಡದಾಕಿ ಏಳಲಿಲ್ಲ. ಕೂಸು ಸಂಜೀತನಕಾ ಇತ್ತು, ಆಮ್ಯಾಲೆ ಅದೂ ಹೋತು. ಅಜಿತ ಬೆಳಗಾವಿಯಿಂದ ಬಂದ ಮುಟ್ಟೂದ್ರಾಗ ಎರಡೂ ಆಗಿಹೋಗಿತ್ತು.

"ನಮ್ಮ ಮಂದಿಯೊಳಗ ದೊಡ್ಡವರನ್ನ ಸುಡತಾರ, ಹಸಗೂಸನ್ನ ಹುಗೀತಾರ. ತಾಯೀನ್ನ ಹೊಳಿ ದಂಡಿಗೆ ಒಯ್ದರು, ಕೂಸನ್ನ ಗುಡ್ಡದ ಬಾಜೂಕ. ಅಜಿತ ಕೈ ಮುಗದಾ, 'ಇಬ್ಬರನ್ನೂ ಒಂದಽ ಕಡೆ ಇಡ್ರಿ, ಅದಕ್ಕ ಅವ್ವ ಬಿಟ್ಟರ ಯಾರೂ ಗೊತ್ತಿಲ್ಲ' ಅಂದಾ. ಹಿರೇರು, 'ಪದ್ಧತಿ ಇಲ್ಲಪಾ' ಅಂದರು. ಏನ ಮಾಡತೀರಿ? ಅವಂಗ ಹತ್ತಿದ್ದು ಅದಽ ಒಂದು... ಕೂಸು ಒಬ್ಬಾಕೀನಽ ಐತಿ, ಕತ್ತಲದಾಗ, ಅವ್ವ ಎಲ್ಲೆದಾಳ ಅಂತ ಅದಕ್ಕ ಹೆಂಗ ಗೊತ್ತಾಗಬೇಕು?

"ಒಂದ ತಿಂಗಳ ಬಿಟ್ಟು ಅಜಿತ ಕೆಲಸಕ್ಕ ಬಂದಾ. ಬಂದ ದಿವಸಽ ಸಾಲಿನಾಗ ಅದು ಕಾಣಿಸಿತು. ಕಾಂತಾಳ ಹೆಸರಿನ ಒಂದ ಕೆಲಸ. ಟರ್ಮಿನಲ್ಲು ಇಲ್ಲ. ಮಲಗೈತಿ. ಅವ್ವ ಯಾರು? ಒಂದು.

"ನಾ ಅಂದಕೊಂಡೆ, ಆಕಿ ಇದ್ದಾಗ ಏನೋ ಚಾಲೂ ಮಾಡಿ ಬಿಟ್ಟಿರಬೇಕು, ಈಗ ಕಣ್ಣಿಗೆ ಬಿದ್ದೈತಿ. ಅವತ್ತ ಮಧ್ಯಾಹ್ನ ಮಳಿಗೆ ಕರೆಂಟ ಹೋತು. ಯಂತ್ರ ಆರಿತಂದ್ರ ಒಳಗಿಂದೆಲ್ಲಾ ಸತ್ತಂಗಽ, ಏನೂ ಉಳಿಯೂದಿಲ್ಲ. ತಿರುಗಿ ಹಚ್ಚಿದೆ. ಮೊದಲ ಒಂದನೇದು ಹುಟ್ಟಿತು, ಹಿಂದ ಉಳದವು ಹುಟ್ಟಿದುವು... ಅವುಗಳ ನಡುವ ಕಾಂತಾಳ ಹೆಸರಿಂದೂ ಇತ್ತು. ಅದಽ ನಂಬರ. ಹಂಗಽ ಮಲಗಿತ್ತು.

"ಅಜಿತ ಅಲ್ಲಿಂದ ಏಳವಲ್ಲ. ದಿನಾಪೂರ್ತಿ ಅದಽ ಹುಕುಂ ಹೊಡೆಯಾಂವ, ಅದಽ ಒಂದ ಸಾಲ ನೋಡಾಂವ. ಊಟ ಬಿಟ್ಟಾ. ಖಾನಾಪುರಕ್ಕ ಬರೂದ ಬಿಟ್ಟಾ. 'ಕಾಕಾ, ಇದನ್ನ ಹುಟ್ಟಿಸಿದಾಕಿ ಬ್ಯಾರೆ. ಸತ್ತಾಳ. ಇದು ಪರರ ಉಡ್ಯಾಗ ಬಿದ್ದೈತಿ. ಇದು ನನ್ನ ಕೂಸ್ರಿ,' ಅಂತಿದ್ದಾ. ಏನ ಹೇಳಲಿ ನಾ? 'ಉಡಿ ಸಿಕ್ಕೈತೆಲ್ಲೋ ತಮ್ಮಾ' ಅಂದೆ. 'ಅವ್ವ ಅಲ್ಲಲ್ರೀ' ಅಂದಾ.

"ನಮ್ಮ ಸಾಹೇಬರು ಗುರುಪುತ್ರಪ್ಪ ಕಾಕತಿಯವರು, ಕೆಟ್ಟ ಮನಷಾ ಅಲ್ಲ. ಒಂದಿನ ನನ್ನ ಬಾಜೂಕ ಕರದು, 'ತವನಪ್ಪ, ಆ ಹುಡುಗ ಹಿಂಗಽ ಕುಂತರ ನಾಕ ದಿನಾ ಉಳಿಯೂದಿಲ್ರಿ. ಅದನ್ನ ಸಾಯಿಸ್ರಿ. ಕಾಂತಾಳ ಹೆಸರೂ ಯಂತ್ರದಿಂದ ತಗದಬಿಡ್ರಿ' ಅಂದರು. ನಂಗೂ ಖರೇ ಅನಿಸಿತು. ಊಟದ ಸೂಟಿ ಮುಗದು ಎಲ್ಲಾರೂ ಕುಂತಿದ್ದರು. ನಾ ನನ್ನ ಟರ್ಮಿನಲ್ಲಿಗೆ ಕುಂತೆ. ಅಜಿತ ಬಂದ ಕೈ ಹಿಡದಾ. ಕೈ ಎಷ್ಟ ಹಗರ ಆಗಿತ್ತಪಾ... ಬೈತಾನ ಅಂದಕೊಂಡಿದ್ದೆ. ಬೈಲಿಲ್ಲ. 'ಕೂಗದಽ ಸಾಯಿಸಂಗಿಲ್ರಿ ಕಾಕಾ. ನಿಮ್ಮದಽ ಕಾಯಿದೆ' ಅಂದಾ.

"ಸತ್ತಾಕೀನ್ನ ಹೆಂಗ ಕೂಗಲಿ? ಸಾಹೇಬರ ಮಾರಿ ನೋಡಿದೆ, ಅವರು ಮಾರಿ ತಗ್ಗಿಸಿದರು. ಕಡೀಕ ಎದ್ದ ನಿಂತೆ, ದಿನಾ ಕೂಗಿದಂಗಽ ಕೂಗಿದೆ... 'ಕಾಂತಾ, ಇದು ನಿಂದೇನವಾ? ತಗೀಲೇನು?'

"ಮಾಡಿನ ಪತ್ರಾಸಿನ ಮ್ಯಾಲೆ ಮಳಿ ಒಂದಽ ಸಪ್ಪಳಾ ಮಾಡತಿತ್ತು. ಉತ್ತರಾ ಎಲ್ಲಿಂದ ಬರಬೇಕು? ಕುಂತೆ. ಕೈ ಹಾಕೂಕಿಂತ ಮೊದಲ ಇನ್ನೊಮ್ಮೆ ಸಾಲ ನೋಡಬೇಕೆಲ್ಲಾ, ನೋಡಿದೆ.

"ಎರಡ ಇದ್ದುವು.

"ಹಳೇದು ಇತ್ತು, ಅದಽ ನಂಬರ. ಅದರ ಮ್ಯಾಲಿನ ಸಾಲಿನಾಗ ಇನ್ನೊಂದು, ಅದೂ ಕಾಂತಾಳ ಹೆಸರಿಂದಽ. ಅದಕ್ಕ ಟರ್ಮಿನಲ್ಲು ಇತ್ತು... ಮೂಲ್ಯಾಗಿಂದು. ಎಲ್ಲಾರೂ ಹೊರಳಿ ನೋಡಿದಿವಿ. ಆಕಿ ಹೋದ ಮ್ಯಾಲೆ ಅದರ ವಾಯರ ತಗದು ಅರಿವಿ ಹೊದಿಸಿ ಇಟ್ಟಿದ್ದಿವಿ. ಹೊದಿಸಿದ್ದು ಹೊದಿಸಿದಂಗಽ ಇತ್ತು. ಮತ್ತ ಆ ಮಲಗಿದ್ದರ ಅವ್ವ ಯಾರು ಅಂತ ನೋಡಿದರ... 'ಒಂದು' ಇರಲಿಲ್ಲ. ಮ್ಯಾಲಿನಾಕಿ ನಂಬರ ಇತ್ತು.

"ನಾ ಮೊದಲಽ ಹೇಳೇನಿ, ಒಂದರ ಉಡಿಯಿಂದ ತಿರುಗಿ ಬರೂ ದಾರಿ ಆ ಯಂತ್ರದಾಗ ಇಲ್ಲ. ಯಾರೂ ಮಾಡಿಟ್ಟಿಲ್ಲ. ಯಾರ ಮಾಡಿದರು?

"ಅಜಿತ ಪರದಿ ಮ್ಯಾಲೆ ಬೆರಳ ಇಟ್ಟಾ. ಆ ಎರಡೂ ಸಾಲಿನ ಮ್ಯಾಲೆ ಸವಕಾಶ ಸವರಿದಾ... 'ಬಂದಾಳ್ರಿ ಕಾಕಾ. ಕರಕೊಂಡಳ್ರಿ' ಅಂದಾ. ಹೆಂಡತಿ ಹೋದಾಗ ಅಳದಾಂವ ಅವತ್ತ ಎಲ್ಲಾರ ಮುಂದ ಅತ್ತಾ. ಅತ್ತ ಮುಗಿಸಿ, ಮಾರಿ ಒರಸಿಕೊಂಡು, 'ಹಸಿವಾಗೈತ್ರಿ' ಅಂದಾ."

"ಅವತ್ತ ಸಂಜೀಕ ಬಸ್ ಹಿಡದ ನಮ್ಮನಿಗೆ ಬಂದಾ," ಎಂದರು ಪದ್ಮವ್ವ ಮೆಲ್ಲಗೆ. "ಹೊತ್ತ ಮುಳುಗಾಕ ಬಂದಿತ್ತು, ಓಡ್ಯಾಡಿ ರೊಟ್ಟಿ ಬಡದ ಹಾಕಿದೆ. ಎಷ್ಟ ಉಂಡನೋ ಏನೋ, ನೋಡಕೋತ ಕುಂತಬಿಟ್ಟೆ."

"ಮುಂದ ಈ ಪದ್ಮವ್ವನಽ ನಿಂತ ಅವನ ಇನ್ನೊಂದ ಮದವಿ ಮಾಡಿಸಿದಳು. ಚಿಕ್ಕೋಡಿಯಾಗ ಅದಾನ, ಆರಾಮ ಅದಾನ. ಸಾಹೇಬರು ಕಾಂತಾಳ ಹೆಸರ ತಗಸಿದರು, ಆದರ ಆ ಎರಡನ್ನೂ ಸಾಯಿಸಾಕ ಯಾರಿಗೂ ಹೇಳಲಿಲ್ಲ. ಈಗ ಆ ಸಾಲಿನಾಗ ಆಕಿ ಹೆಸರಿನ ಜಾಗಾದಾಗ ಬರೇ ಅಂಕಿ ಬರತೈತಿ."

ಬಾಳಪ್ಪ ತಲೆ ಅಲ್ಲಾಡಿಸಿದ. "ಯಂತ್ರದಾಗ ಏನೋ ಬಿಗಡಾಯಿಸಿರಬೇಕ ಬಿಡ್ರಿ ಅಜ್ಜಾರ. ಜೀವ ಅನ್ನೂದು ಹೋದಕೂಡಲೆ ಬ್ಯಾರೆ ದೇಹಾ ಹಿಡೀತೈತಿ ಅಂತ ನಿಮ್ಮ ಮುನಿಗಳಽ ಹೇಳತಾರಲ್ಲ?"

"ಹೇಳತಾರ. ನಾನೂ ನಂಬತೀನಿ," ಎಂದರು ತವನಪ್ಪನವರು. "ಆದರೂ ತಿಂಗಳಿಗೊಮ್ಮೆ ಬೆಳಗಾವಿ ಕಚೇರಿಗೆ ಹೋಗಿ ನೋಡಿ ಬರತೀನಿ. ಯಾಕಂದರ ಒಂದೊಂದ ಕೆಲಸ ಒಳಗ ಎಷ್ಟೆಷ್ಟ ಜಾಗಾ ಹಿಡದೈತಿ ಅಂತನೂ ಅದು ತೋರಸತೈತಿ. ಮಲಗಿದ್ದು ಇದ್ದಷ್ಟಽ ಇರಬೇಕು, ಹೌದಿಲ್ಲೋ? ಇದು ಹಂಗ ಇಲ್ಲ..."

ಮಳೆ ಜೋರಾಯಿತು. ಪದ್ಮವ್ವ ಮುಂದಕ್ಕೆ ಬಾಗಿದರು. "ಮೊನ್ನೆ ಹೋಗಿದ್ರೆಲ್ಲಾ ಅಣ್ಣಾರ. ಎಷ್ಟ ಆಗ್ಯಾಳ?"

"ಬೆಳದಾಳವಾ." ತವನಪ್ಪನವರ ದನಿ ಬಹಳ ಮೃದುವಾಗಿತ್ತು. "ಹೋದ ಸಲಕ್ಕಿಂತ ಬೆಳದಾಳ. ಮತ್ತ ಈ ಸಲಾ ಮಲಗಿರಲಿಲ್ಲ... ಎದ್ದಿದ್ದಳು. ಅವ್ವ ಮೂಲ್ಯಾಗಿನ ಟರ್ಮಿನಲ್ಲಿನಾಗಽ ಇದ್ದಳು. ಈಕಿ ಅಲ್ಲಿರಲಿಲ್ಲ. ಎಲ್ಲೆದಾಳ ಅಂತ ಸಾಲ ಓದಿದೆ... ನಾ ಕುಂತಿದ್ದಽ ಟರ್ಮಿನಲ್ಲಿಗೆ ಬಂದಿದ್ದಳು."